ಭೂವಿಜ್ಞಾನಕ್ಕೆ ದಾನ ಕೊಡುವವರಿಗೊಂದು ಕೈಪಿಡಿ

ಭೂವಿಜ್ಞಾನದ ಸಂಶೋಧನೆಗೋ ಬೋಧನೆಗೋ ಒಂದಿಷ್ಟು ಹಣ ಕೊಡಬೇಕೆಂದು ಮನಸ್ಸು ಮಾಡಿದವರು ಸಂಸ್ಥೆಯನ್ನು ಹುಡುಕುವ ಮೊದಲು ಒಂದು ವಿಷಯವನ್ನು ತಿಳಿದುಕೊಳ್ಳುವುದು ಒಳ್ಳೆಯದು: ಸರ್ಕಾರದ ಹಣ ಎಲ್ಲಿಯವರೆಗೆ ಬಂದು ನಿಲ್ಲುತ್ತದೆ? ನಮ್ಮ ದೇಶದಲ್ಲಿ ಈ ಶಾಸ್ತ್ರದ ಭಾರವನ್ನು ಬಹುಮಟ್ಟಿಗೆ ಹೊತ್ತಿರುವುದು ಸರ್ಕಾರವೇ. 1851ರಲ್ಲಿ ಆರಂಭವಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ, ಮೈಸೂರು ಸಂಸ್ಥಾನದಲ್ಲಿ 1894ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರ ನೇತೃತ್ವದಲ್ಲಿ ಹುಟ್ಟಿದ ಭೂವಿಜ್ಞಾನ ಇಲಾಖೆ, ವಿಶ್ವವಿದ್ಯಾಲಯಗಳ ಭೂವಿಜ್ಞಾನ ವಿಭಾಗಗಳು, ಇವೆಲ್ಲ ಬೊಕ್ಕಸದ ಹಣದಲ್ಲಿ ಬೆಳೆದಂಥವು. ಸಂಶೋಧನಾ ಹಡಗು, ಭೂಕಂಪಮಾಪಕಗಳ ಜಾಲ, ಹವಾಮಾನ ರಾಡಾರ್, ಉಪಗ್ರಹ ಮುಂತಾದವನ್ನು ಸಾಮಾನ್ಯರ ದಾನದಿಂದ ನಡೆಸುವ ಮಾತೇ ಇಲ್ಲ, ನಡೆಸಬೇಕಾಗಿಯೂ ಇಲ್ಲ. ದಾನದ ಹಣಕ್ಕೆ ಕೆಲಸವಿರುವುದು ಅನುದಾನದ ಶೀರ್ಷಿಕೆಗಳ ನಡುವೆ ಉಳಿದುಹೋಗುವ ಸಂದುಗಳಲ್ಲಿ. ವಿದ್ಯಾರ್ಥಿಯ ಕ್ಷೇತ್ರಕಾರ್ಯದ ಪ್ರಯಾಣವೆಚ್ಚ, ಕೆಟ್ಟು ನಿಂತ ಸೂಕ್ಷ್ಮದರ್ಶಕದ ರಿಪೇರಿ, ವಸ್ತುಸಂಗ್ರಹಾಲಯದ ಕಪಾಟಿನಲ್ಲಿ ಚೀಟಿ ಕಳಚಿ ಬಿದ್ದಿರುವ ಕಲ್ಲುಗಳ ಪಟ್ಟಿ ಮಾಡುವ ಕೂಲಿ, ಕನ್ನಡ ಶಾಲೆಯ ಮಕ್ಕಳನ್ನು ಒಂದು ದಿನ ಬಂಡೆಯ ಬಳಿಗೆ ಕರೆದೊಯ್ಯುವ ಬಸ್ಸಿನ ಬಾಡಿಗೆ, ಇವು ಆ ಸಂದುಗಳು.

ಇಂಥ ಒಂದು ಸಂದನ್ನು ಹತ್ತಿರದಿಂದ ನೋಡೋಣ. ಚಿತ್ರದುರ್ಗದ ಕಡೆಯಿಂದ ಎಂ.ಎಸ್‌ಸಿ. ವಿದ್ಯಾರ್ಥಿನಿಯೊಬ್ಬಳು ತಂದ ಕಲ್ಲನ್ನು ಅಭ್ಯಾಸ ಮಾಡಬೇಕಾದರೆ ಮೊದಲು ಅದರ ಒಂದು ತುಂಡನ್ನು ವಜ್ರದಂಚಿನ ಗರಗಸದಲ್ಲಿ ಕೊಯ್ದು, ಒಂದು ಮುಖವನ್ನು ನುಣುಪಾಗಿ ಉಜ್ಜಿ, ಗಾಜಿನ ಪಟ್ಟಿಗೆ ಅಂಟಿಸಿ, ಬೆಳಕು ತೂರಿ ಹೋಗುವಷ್ಟು ತೆಳುವಾಗುವವರೆಗೆ ತೇಯಬೇಕು. ತಲುಪಬೇಕಾದ ದಪ್ಪ 0.03 ಮಿಲಿಮೀಟರ್. ಅದನ್ನು ಅಳೆಯಲು ಕುಶಲಕರ್ಮಿ ಸಾಮಾನ್ಯವಾಗಿ ಮಾಪಕವನ್ನು ಹಿಡಿಯುವುದಿಲ್ಲ. ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದ ಕೆಳಗಿಟ್ಟು ಬೆಣಚುಕಲ್ಲಿನ ಹರಳುಗಳ ಬಣ್ಣವನ್ನು ನೋಡುತ್ತಾನೆ. ಹಳದಿ ಕಂಡರೆ ಇನ್ನೂ ದಪ್ಪವಿದೆ, ಬೂದು ಬಿಳುಪಿಗೆ ಇಳಿದರೆ ಸರಿಹೋಯಿತು, ಇನ್ನೂ ನಾಲ್ಕು ಸುತ್ತು ಹೆಚ್ಚು ತೇಯ್ದರೆ ಕಲ್ಲೇ ಉಳಿಯುವುದಿಲ್ಲ. ಈ ಕೆಲಸಕ್ಕೆ ಬೇಕಾದದ್ದು ಕೋಟಿ ರೂಪಾಯಿಯ ಯಂತ್ರವಲ್ಲ. ಗರಗಸದ ಅಲಗು, ಉಜ್ಜುವ ಪುಡಿ, ಅಂಟು, ಗಾಜು ಮತ್ತು ಪಳಗಿದ ಒಂದು ಜೊತೆ ಕೈ ಇದ್ದರೆ ಸಾಕು. ಆದರೆ ಆ ಕೈ ನಿವೃತ್ತವಾದ ಮೇಲೆ ಹೊಸಬನೊಬ್ಬನನ್ನು ಆರು ತಿಂಗಳು ಕೂರಿಸಿ ಕಲಿಸುವುದಕ್ಕೆ ಯಾವ ಯೋಜನೆಯ ಅಂದಾಜುಪಟ್ಟಿಯಲ್ಲೂ ಸುಲಭವಾಗಿ ಜಾಗ ಸಿಗುವುದಿಲ್ಲ. ಹೊಸ ಉಪಕರಣಕ್ಕೆ ಮಂಜೂರಾತಿ ತರುವುದಕ್ಕಿಂತ ಹಳೆಯ ಉಪಕರಣವನ್ನು ನಡೆಸಿಕೊಂಡು ಹೋಗುವುದು ಕಷ್ಟವೆಂಬುದು ವಿಭಾಗಗಳ ಮುಖ್ಯಸ್ಥರಾಗಿ ಕೆಲಸ ಮಾಡಿದವರಿಗೆಲ್ಲ ಗೊತ್ತಿರುವ ಸಂಗತಿ. ಆದ್ದರಿಂದ ದಾನಿಯು ಯಂತ್ರದ ಮೇಲೆ ತನ್ನ ಹೆಸರು ಬರೆಸುವ ಆಸೆಯನ್ನು ಬಿಟ್ಟು, ವಾರ್ಷಿಕ ನಿರ್ವಹಣೆಗೆಂದು ಹಣ ಕೊಟ್ಟರೆ ಅದರ ಪ್ರಯೋಜನ ಬಹುಕಾಲ ನಿಲ್ಲುತ್ತದೆ.

ಅನುದಾನಗಳು ತಲುಪದ ಇನ್ನೊಂದು ಜಾಗವೆಂದರೆ ದೀರ್ಘಕಾಲದ ವೀಕ್ಷಣೆ. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಚಾರ್ಲ್ಸ್ ಡೇವಿಡ್ ಕೀಲಿಂಗ್ 1958ರಲ್ಲಿ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಅಳೆಯತೊಡಗಿದರು. ಇಂದು ಜಗತ್ತೆಲ್ಲ ಉದಾಹರಿಸುವ ಆ ಏರುಗೆರೆಯಲ್ಲಿ 1964ರ ಕೆಲವು ತಿಂಗಳು ಖಾಲಿ ಇವೆ. ಹಣ ಕಡಿತವಾಗಿ ಅಳತೆಯೇ ನಿಂತಿತ್ತು. ಪ್ರತಿದಿನ ಅದೇ ಅಳತೆಯನ್ನು ತೆಗೆದುಕೊಳ್ಳುವ ಕೆಲಸದಲ್ಲಿ ‘ಹೊಸತೇನಿದೆ’ ಎಂದು ಅನುದಾನ ಸಮಿತಿ ಕೇಳುವುದು ಸಹಜ. ಆ ಪ್ರಶ್ನೆಗೆ ಮೊದಲ ಐದು ವರ್ಷ ಒಪ್ಪುವ ಉತ್ತರ ಕೊಡುವುದು ಕಷ್ಟ. ಐವತ್ತು ವರ್ಷಗಳಾದ ಮೇಲೆ ಉತ್ತರ ಬೇಕಾಗುವುದೇ ಇಲ್ಲ. ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆ ನಡೆಸುತ್ತಿರುವ ಈ ಅಳತೆಗೆ ಮತ್ತೆ ಹಣದ ತಾಪತ್ರಯ ಬಂದಾಗ, 2014ರಲ್ಲಿ ಎರಿಕ್ ಮತ್ತು ವೆಂಡಿ ಶ್ಮಿಟ್ ದಂಪತಿ ಐದು ವರ್ಷಗಳ ಅವಧಿಗೆ 5 ಲಕ್ಷ ಡಾಲರ್ ಕೊಟ್ಟರು. ನಮ್ಮಲ್ಲಿಯೂ ಒಂದು ಕಾಲೇಜು ತನ್ನ ಸುತ್ತಲಿನ ಬಾವಿಗಳ ನೀರಿನ ಮಟ್ಟವನ್ನೋ, ಒಂದು ಹೊಳೆಯ ಹೂಳನ್ನೋ, ಒಂದು ಕಡಲತೀರದ ಕೊರೆತವನ್ನೋ ಹತ್ತು ಹದಿನೈದು ವರ್ಷ ಬಿಡದೆ ಅಳೆಯುವುದಾದರೆ ಅದಕ್ಕೆ ಬೇಕಾಗುವ ಹಣ ಅಲ್ಪವೇ; ಬಿಡದೆ ಬರಬೇಕು, ಅಷ್ಟೆ. ಒಮ್ಮೆ ಒಂದು ಲಕ್ಷ ಕೊಟ್ಟು ಕೈತೊಳೆದುಕೊಳ್ಳುವುದಕ್ಕಿಂತ ವರ್ಷಕ್ಕೆ ಹತ್ತು ಸಾವಿರದಂತೆ ಹತ್ತು ವರ್ಷ ಕೊಡುವೆನೆಂದು ಬರೆದುಕೊಡುವ ದಾನಿ ಇಂಥ ಕೆಲಸಕ್ಕೆ ಹೆಚ್ಚು ಬೆಲೆಯುಳ್ಳವನು.

ದಾನದಿಂದ ಹುಟ್ಟಿದ ಸಂಸ್ಥೆಗಳು

ಭೂವಿಜ್ಞಾನದ ಚರಿತ್ರೆಯಲ್ಲಿ ದಾನಿಗಳು ಹಣವನ್ನು ಯಾವ ರೂಪದಲ್ಲಿ ಕೊಟ್ಟರೆಂಬುದನ್ನು ನೋಡಿದರೆ ಇಂದಿನವರಿಗೂ ದಾರಿ ಕಾಣುತ್ತದೆ. ಅಮೆರಿಕದ ಗಣಿಗಾರಿಕೆಯ ಭೂವಿಜ್ಞಾನಿ ರಿಚರ್ಡ್ ಪೆನ್‌ರೋಸ್ 1931ರಲ್ಲಿ ತೀರಿಕೊಂಡಾಗ ತಮ್ಮ ಉಯಿಲಿನ ಮೂಲಕ ಅಲ್ಲಿನ ಭೂವೈಜ್ಞಾನಿಕ ಸಂಘಕ್ಕೆ ಸುಮಾರು 40 ಲಕ್ಷ ಡಾಲರ್ ಬಿಟ್ಟುಹೋದರು. ಅವರ ದುಡ್ಡು ಬಂದದ್ದೂ ಗಣಿಗಳಿಂದಲೇ. ಆ ನಿಧಿಯ ಆದಾಯ ಪ್ರಕಟಣೆಗಳಿಗೂ ಸಂಶೋಧನೆಗೂ ಇಂದಿಗೂ ಒದಗುತ್ತಿದೆ. ನ್ಯೂಯಾರ್ಕಿನ ಫ್ಲಾರೆನ್ಸ್ ಲಾಮಾಂಟ್ ಹಣದ ಬದಲು ಹಡ್ಸನ್ ನದಿಯ ದಂಡೆಯ ಮೇಲಿದ್ದ ತಮ್ಮ ತೋಟದ ಮನೆಯನ್ನೇ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. 1949ರಲ್ಲಿ ಅಲ್ಲಿ ಆರಂಭವಾದ ಲಾಮಾಂಟ್ ವೀಕ್ಷಣಾಲಯ ನಗರದ ಗದ್ದಲದಿಂದ ದೂರವಿದ್ದುದರಿಂದ ಭೂಕಂಪಮಾಪಕಗಳಿಗೆ ನಿಶ್ಶಬ್ದದ ನೆಲ ಸಿಕ್ಕಿತು, ಅಡುಗೆಮನೆ ಭೂರಸಾಯನದ ಪ್ರಯೋಗಶಾಲೆಯಾಯಿತು. ಮೇರಿ ಥಾರ್ಪ್ ಮತ್ತು ಬ್ರೂಸ್ ಹೀಜನ್ ಸಾಗರತಳದ ನಕ್ಷೆಗಳ ಮೇಲೆ ವರ್ಷಗಟ್ಟಲೆ ದುಡಿದದ್ದು ಈ ಸಂಸ್ಥೆಯಲ್ಲಿಯೇ.

ನಮ್ಮ ದೇಶದ ಉದಾಹರಣೆ ಲಖನೌದ್ದು. ಪ್ರಾಚೀನ ಸಸ್ಯಗಳ ಪಳೆಯುಳಿಕೆಗಳನ್ನು ಅಭ್ಯಸಿಸುವ ಸಂಸ್ಥೆಗಾಗಿ ಬೀರಬಲ್ ಸಾಹನಿ ಅವರು 1946ರಲ್ಲಿ ಟ್ರಸ್ಟ್ ರಚಿಸಿ, ತಮ್ಮ ಗ್ರಂಥಭಂಡಾರವನ್ನೂ ಪಳೆಯುಳಿಕೆಗಳ ಸಂಗ್ರಹವನ್ನೂ ಅದಕ್ಕೆ ಧಾರೆಯೆರೆದರು. 1949ರ ಏಪ್ರಿಲ್ 3ರಂದು ನೆಹರೂ ಅವರು ಶಂಕುಸ್ಥಾಪನೆ ಮಾಡಿದ ಕಲ್ಲಿನಲ್ಲಿ ಪಳೆಯುಳಿಕೆಗಳನ್ನೇ ಕೂರಿಸಲಾಗಿತ್ತು. ಅದಾದ ಒಂದು ವಾರದಲ್ಲಿ ಸಾಹನಿ ತೀರಿಕೊಂಡರು, ಕಟ್ಟಡವನ್ನೂ ಸಂಸ್ಥೆಯನ್ನೂ ದಡ ಮುಟ್ಟಿಸಿದವರು ಅವರ ಪತ್ನಿ ಸಾವಿತ್ರಿ ಸಾಹನಿ. ಟ್ರಸ್ಟ್ ಎಂಬ ಕಾನೂನಿನ ಚೌಕಟ್ಟು ಮೊದಲೇ ಇದ್ದುದರಿಂದಲೇ ಸಂಸ್ಥಾಪಕನ ಸಾವಿನ ಬಳಿಕವೂ ಕೆಲಸ ಮುಂದುವರಿಯಿತು ಎಂಬುದನ್ನು ದೊಡ್ಡ ಕೊಡುಗೆ ಕೊಡುವವರು ಗಮನಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಹುಟ್ಟಿದ್ದು ಜೆಮ್‌ಷೆಡ್‌ಜಿ ಟಾಟಾ ಅವರ ದತ್ತಿ ಮತ್ತು ಮೈಸೂರು ಸಂಸ್ಥಾನ ಕೊಟ್ಟ ನೆಲದಿಂದ ಎಂಬುದು ಎಲ್ಲರಿಗೂ ಗೊತ್ತು. ಅದೇ ಆವರಣದಲ್ಲಿರುವ ದಿವೇಚಾ ಹವಾಮಾನ ಬದಲಾವಣೆ ಕೇಂದ್ರ ಕೂಡ ಖಾಸಗಿ ಕೊಡುಗೆಯಿಂದಲೇ ನಿಂತದ್ದೆಂಬುದು ಅಷ್ಟಾಗಿ ಗೊತ್ತಿಲ್ಲ.

ಯಾವ ರೂಪದಲ್ಲಿ ಕೊಡಬೇಕು

ಐದು ಹತ್ತು ಸಾವಿರ ಕೊಡುವವರು ಹೆಚ್ಚು ಯೋಚಿಸಬೇಕಾಗಿಲ್ಲ. ಯಾವುದಾದರೂ ವಿಭಾಗದ ಕ್ಷೇತ್ರಕಾರ್ಯಕ್ಕೆ, ವಿದ್ವತ್ ಸಂಘದ ಸಾಮಾನ್ಯ ನಿಧಿಗೆ, ಅಥವಾ ತಮ್ಮೂರಿನ ಶಾಲೆಯ ವಿಜ್ಞಾನ ಪ್ರವಾಸಕ್ಕೆ ಷರತ್ತಿಲ್ಲದೆ ಕೊಟ್ಟುಬಿಡುವುದು ಉತ್ತಮ. ಸಣ್ಣ ಮೊತ್ತಕ್ಕೆ ದೊಡ್ಡ ಷರತ್ತು ಹಾಕಿದರೆ ಲೆಕ್ಕ ಇಡುವ ಖರ್ಚೇ ಮೊತ್ತವನ್ನು ತಿಂದುಹಾಕುತ್ತದೆ.

ಲಕ್ಷಗಳಲ್ಲಿ ಕೊಡುವವರ ಮನಸ್ಸು ಸಾಮಾನ್ಯವಾಗಿ ದತ್ತಿನಿಧಿಯ ಕಡೆಗೆ ಹೋಗುತ್ತದೆ. ತಂದೆತಾಯಿಯ ಹೆಸರಿನಲ್ಲಿ ಹಣವನ್ನು ಠೇವಣಿ ಇರಿಸಿ, ಬಡ್ಡಿಯಲ್ಲಿ ಪ್ರತಿವರ್ಷ ಚಿನ್ನದ ಪದಕವನ್ನೋ ಉಪನ್ಯಾಸವನ್ನೋ ನಡೆಸುವುದು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬೇರೂರಿದ ಪದ್ಧತಿ. ಇಲ್ಲಿ ಲೆಕ್ಕವನ್ನು ಸರಿಯಾಗಿ ಹಾಕಬೇಕು. 5 ಲಕ್ಷ ರೂಪಾಯಿಗೆ ಶೇಕಡ 7ರಂತೆ ವರ್ಷಕ್ಕೆ 35,000 ಬಡ್ಡಿ ಬರುತ್ತದೆಂದು ಇಟ್ಟುಕೊಳ್ಳೋಣ. ಅಷ್ಟನ್ನೂ ಖರ್ಚು ಮಾಡಿದರೆ, ಬೆಲೆಗಳು ವರ್ಷಕ್ಕೆ ಶೇಕಡ 5ರಂತೆ ಏರಿದಾಗ, ಸುಮಾರು 14 ವರ್ಷಗಳಲ್ಲಿ ಆ ದತ್ತಿಯ ಕೊಳ್ಳುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಒಂದು ಕಾಲದಲ್ಲಿ ಚಿನ್ನದ್ದೇ ಆಗಿದ್ದ ಪದಕಗಳು ಲೇಪನಕ್ಕೆ ಇಳಿಯುವುದು ಹೀಗೆಯೇ. ಆದ್ದರಿಂದ ಬಡ್ಡಿಯಲ್ಲಿ ಇಂತಿಷ್ಟು ಭಾಗವನ್ನು, ಮೂರರಲ್ಲಿ ಒಂದು ಪಾಲನ್ನಾದರೂ, ಅಸಲಿಗೆ ಸೇರಿಸುತ್ತ ಹೋಗಬೇಕೆಂದು ದಾನಪತ್ರದಲ್ಲಿಯೇ ಬರೆಸುವುದು ಅಗತ್ಯ.

ಪದಕದ ವಿಷಯದಲ್ಲಿ ಈ ಲೇಖಕನ ಅಭಿಪ್ರಾಯ ಅಷ್ಟು ಅನುಕೂಲವಾದದ್ದಲ್ಲ. ಮೊದಲ ಸ್ಥಾನ ಪಡೆದ ವಿದ್ಯಾರ್ಥಿಗೆ ಈಗಾಗಲೇ ನಾಲ್ಕು ಪದಕಗಳಿರುವಾಗ ಐದನೆಯದರಿಂದ ಶಾಸ್ತ್ರಕ್ಕೆ ಏನೂ ಸೇರುವುದಿಲ್ಲ. ಅದೇ 35,000ದಲ್ಲಿ ಇಬ್ಬರು ಮೂವರು ವಿದ್ಯಾರ್ಥಿಗಳ ಕ್ಷೇತ್ರಕಾರ್ಯದ ಊಟ, ವಸತಿ, ಪ್ರಯಾಣಗಳ ಬಹುಪಾಲು ನಡೆದುಹೋಗುತ್ತದೆ. ಹಾಗೆಂದು ಪದಕವೆಲ್ಲ ವ್ಯರ್ಥವೆಂದೂ ಹೇಳಲಾಗದು. ವಿಲಿಯಂ ಹೈಡ್ ವೊಲಾಸ್ಟನ್ ತಮ್ಮ ಕೊನೆಗಾಲದಲ್ಲಿ, 1828ರಲ್ಲಿ, ಲಂಡನ್ನಿನ ಭೂವೈಜ್ಞಾನಿಕ ಸಂಘಕ್ಕೆ ಕೊಟ್ಟ 1,000 ಪೌಂಡ್‌ಗಳ ನಿಧಿಯಿಂದ ಮೊದಲ ಪದಕ ಸಂದದ್ದು 1831ರಲ್ಲಿ ವಿಲಿಯಂ ಸ್ಮಿತ್‌ಗೆ. ಕಾಲುವೆಗಳ ಮೋಜಣಿದಾರನಾಗಿ ಅಲೆದು ಇಂಗ್ಲೆಂಡಿನ ಶಿಲಾಸ್ತರಗಳ ನಕ್ಷೆಯನ್ನು 1815ರಲ್ಲಿ ಹೊರತಂದ, ಸಾಲಕ್ಕಾಗಿ ಸೆರೆಮನೆಯನ್ನೂ ಕಂಡ ಆ ಮನುಷ್ಯನಿಗೆ ವಿದ್ವಾಂಸರ ಮನ್ನಣೆ ತಂದುಕೊಟ್ಟದ್ದು ಆ ಪದಕವೇ. ಅಂಕಪಟ್ಟಿಯನ್ನು ನೋಡಿ ಕೊಡದೆ, ಗಮನಕ್ಕೆ ಬಾರದ ಕೆಲಸವನ್ನು ಹುಡುಕಿ ಕೊಡುವುದಾದರೆ ಪದಕಕ್ಕೂ ಅರ್ಥವಿದೆ.

ಕಲ್ಲು, ನಕ್ಷೆ, ಟಿಪ್ಪಣಿ ಪುಸ್ತಕ

ಹಣವಿಲ್ಲದವರೂ ಕೊಡಬಹುದಾದ ಅಮೂಲ್ಯ ವಸ್ತುಗಳಿವೆ. ನಿವೃತ್ತ ಭೂವಿಜ್ಞಾನಿಗಳ ಮನೆಗಳಲ್ಲಿ ಶಿಲಾಮಾದರಿಗಳು, ಹಳೆಯ ಸ್ಥಳಾಕೃತಿ ನಕ್ಷೆಗಳು, ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕಗಳು ಅಟ್ಟದ ಮೇಲೆ ಕುಳಿತಿರುತ್ತವೆ. ಅವರ ಕಾಲಾನಂತರ ಮಕ್ಕಳು ನಕ್ಷೆಗಳನ್ನು ಹಳೆಯ ಪೇಪರಿನವನಿಗೂ ಕಲ್ಲುಗಳನ್ನು ಹಿತ್ತಿಲಿಗೂ ಹಾಕುತ್ತಾರೆ. ಕ್ವಾರಿ, ರಸ್ತೆ, ಬಡಾವಣೆಗಳು ಎಷ್ಟೋ ಬಂಡೆಗಳನ್ನು ನುಂಗಿಹಾಕಿರುವ ನಮ್ಮ ರಾಜ್ಯದಲ್ಲಿ ಆ ಜಾಗದ ಕಲ್ಲು ಈಗ ಆ ಪೆಟ್ಟಿಗೆಯಲ್ಲಿ ಮಾತ್ರ ಉಳಿದಿರುವ ಸಾಧ್ಯತೆಯೂ ಉಂಟು.

ಆದರೆ ಚೀಟಿಯಿಲ್ಲದ ಕಲ್ಲಿಗೆ ಬೆಲೆಯಿಲ್ಲ. ಕೊಡುವ ಮೊದಲು ಪ್ರತಿಯೊಂದು ಮಾದರಿಗೂ ಊರು, ತಾಲ್ಲೂಕು, ಬಂಡೆಯಿದ್ದ ನಿಖರ ಜಾಗ, ಸಾಧ್ಯವಾದರೆ ಅಕ್ಷಾಂಶ ರೇಖಾಂಶ, ತೆಗೆದ ದಿನಾಂಕ, ತೆಗೆದವರ ಹೆಸರು, ಟಿಪ್ಪಣಿ ಪುಸ್ತಕದ ಪುಟಸಂಖ್ಯೆ ಇವನ್ನು ಬರೆಯಬೇಕು. ಚೀಟಿಯನ್ನು ಕಲ್ಲಿಗೆ ಬರೀ ಅಂಟಿಸಿದರೆ ಮಳೆಗಾಲದ ತೇವಕ್ಕೆ ಕಳಚುತ್ತದೆ. ಕಲ್ಲಿನ ಒಂದು ಮೂಲೆಗೆ ಬಿಳಿ ಬಣ್ಣ ಬಳಿದು, ಅದರ ಮೇಲೆ ಕಪ್ಪು ಶಾಯಿಯಲ್ಲಿ ಸಂಖ್ಯೆ ಬರೆದು, ಅದೇ ಸಂಖ್ಯೆಯ ವಿವರವನ್ನು ಬೇರೆ ಪಟ್ಟಿಯಲ್ಲಿ ಇಡುವುದೇ ಉಳಿಯುವ ವಿಧಾನ. ಫೂಟ್ ಅವರ ಪ್ರಾಗೈತಿಹಾಸಿಕ ಸಂಗ್ರಹವನ್ನು 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯ ಕೊಂಡುಕೊಂಡಿತು; ಅದು ನೂರು ವರ್ಷ ಕಳೆದರೂ ವಿದ್ವಾಂಸರ ಉಪಯೋಗಕ್ಕೆ ಬರುತ್ತಿರುವುದಕ್ಕೆ ಅವರೇ ಸಿದ್ಧಪಡಿಸಿದ ಪಟ್ಟಿ ಮುಖ್ಯ ಕಾರಣ. ಟಿಪ್ಪಣಿ ಪುಸ್ತಕಗಳನ್ನು ಕಲ್ಲುಗಳಿಂದ ಬೇರ್ಪಡಿಸದೆ ಒಂದೇ ಸಂಸ್ಥೆಗೆ ಕೊಡಬೇಕು. ಸಂಸ್ಥೆಯನ್ನು ಕೇಳದೆ ಗಾಡಿಯಲ್ಲಿ ತುಂಬಿಕೊಂಡು ಹೋಗಿ ಇಳಿಸುವುದು ದಾನವಲ್ಲ, ಹೊರೆ. ಕೊಡುಗೆಗಾಗಿ ಹೊಸದಾಗಿ ಕಲ್ಲು ಸಂಗ್ರಹಿಸಲು ಹೊರಟವರು ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದ ಕಂಬಗಳು, ಲಾಲ್‌ಬಾಗಿನ ಬಂಡೆ ಮುಂತಾದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಸುತ್ತಿಗೆಯನ್ನು ಚೀಲದಿಂದ ತೆಗೆಯಲೇಬಾರದು.

ಶಾಲೆಗಳಿಗೆ ಕೊಡುವವರು ಒಂದು ಮಾತನ್ನು ನೆನಪಿಡಬೇಕು. ಶಿಲೆಗಳ ಪೆಟ್ಟಿಗೆಯೊಂದನ್ನು ಕೊಂಡು ಕೊಟ್ಟರೆ ಅದು ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂರುವುದೇ ಹೆಚ್ಚು. ಮೊದಲು ಹತ್ತಿರದ ಕಾಲೇಜಿನ ಭೂವಿಜ್ಞಾನದ ಅಧ್ಯಾಪಕರಿಂದ ಆ ಶಾಲೆಯ ಮೇಷ್ಟರಿಗೋ ಟೀಚರಿಗೋ ಒಂದೆರಡು ದಿನದ ತರಬೇತಿ ಕೊಡಿಸಿ, ಆಮೇಲೆ ಭೂತಗನ್ನಡಿ, ಅಯಸ್ಕಾಂತ, ಸುತ್ತಮುತ್ತ ಸಿಗುವ ಗ್ರಾನೈಟ್, ನೈಸ್, ಜಂಬಿಟ್ಟಿಗೆ, ಸುಣ್ಣಕಲ್ಲುಗಳನ್ನು ಒದಗಿಸಿದರೆ ಪಾಠ ನಡೆಯುತ್ತದೆ. ಬೆಂಗಳೂರಿನ ಶಾಲೆಗಳಿಗಂತೂ ಸುಮಾರು 300 ಕೋಟಿ ವರ್ಷ ಹಳೆಯ ಪಾಠೋಪಕರಣ ಲಾಲ್‌ಬಾಗಿನಲ್ಲಿ ಬಯಲಲ್ಲೇ ಇದೆ. ದಾನಿ ಕೊಡಬೇಕಾದದ್ದು ಬಸ್ಸಿನ ಬಾಡಿಗೆ ಮತ್ತು ಆ ಬಂಡೆಯ ಬಗ್ಗೆ ಕನ್ನಡದಲ್ಲಿ ವಿವರಿಸಬಲ್ಲ ಒಬ್ಬರ ಗೌರವಧನ.

ಸಂಸ್ಥೆಯನ್ನು ಆರಿಸುವುದು, ಕಾಗದಪತ್ರ ನೋಡುವುದು

ಕರ್ನಾಟಕದ ದಾನಿಗಳ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಮೈಸೂರು, ಧಾರವಾಡ, ಬೆಂಗಳೂರು, ಮಂಗಳೂರು, ಶಂಕರಘಟ್ಟ ಮುಂತಾದ ಕಡೆಗಳ ವಿಶ್ವವಿದ್ಯಾಲಯ ವಿಭಾಗಗಳು. ಇನ್ನೊಂದು, ವಿದ್ವತ್ ಸಂಘಗಳು. 1958ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲಿ ನೆಲೆಸಿರುವ ಭಾರತೀಯ ಭೂವೈಜ್ಞಾನಿಕ ಸಂಘ 1959ರಿಂದ ತನ್ನ ನಿಯತಕಾಲಿಕವನ್ನು ಹೊರತರುತ್ತಿದೆ. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಪ್ರಮುಖರು ಬಿ.ಪಿ. ರಾಧಾಕೃಷ್ಣ. ವಿಶ್ವವಿದ್ಯಾಲಯಕ್ಕೆ ಕೊಟ್ಟ ಹಣ ಹಣಕಾಸು ಅಧಿಕಾರಿಯ ಮೂಲಕ ವಿಭಾಗಕ್ಕೆ ತಲುಪಲು ಕಾಲ ಹಿಡಿಯುತ್ತದೆ, ಆದರೆ ವಿಭಾಗವೇ ವಿದ್ಯಾರ್ಥಿಗಳಿರುವ ಜಾಗ. ಸಂಘಗಳಲ್ಲಿ ನಿರ್ಧಾರ ಬೇಗ ಆಗುತ್ತದೆ, ಆದರೆ ಅದು ಪದಾಧಿಕಾರಿಗಳ ಆಸಕ್ತಿಯನ್ನು ಅವಲಂಬಿಸಿರುತ್ತದೆ. ಎರಡರಲ್ಲಿ ಯಾವುದಾದರೂ ಸರಿ, ಹಿಂದಿನ ಮೂರು ವರ್ಷಗಳ ವಾರ್ಷಿಕ ವರದಿ ಮತ್ತು ಲೆಕ್ಕಪರಿಶೋಧಕರ ವರದಿಯನ್ನು ಕೇಳಿ ಓದಿ. ಹಿಂದೆ ಬಂದ ದತ್ತಿಗಳ ಬಡ್ಡಿ ಖರ್ಚಾಗದೆ ಬಿದ್ದಿದೆಯೇ ಎಂದು ಮೊದಲು ನೋಡಿ. ಬಿದ್ದಿದ್ದರೆ ಅಲ್ಲಿ ಕೊರತೆಯಿರುವುದು ಹಣದ್ದಲ್ಲ.

ತೆರಿಗೆಯ ವಿಷಯ. 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಂ ಪ್ರಕಾರ ನೋಂದಾಯಿತ ದತ್ತಿ ಸಂಸ್ಥೆಗಳಿಗೆ ಕೊಟ್ಟ ಹಣಕ್ಕೆ ಸಾಮಾನ್ಯವಾಗಿ ಅರ್ಧದಷ್ಟು ವಿನಾಯಿತಿ ಇತ್ತು, ಅದಕ್ಕೆ ಆದಾಯದ ಶೇಕಡ 10ರ ಮಿತಿ. ಅನುಮೋದಿತ ವೈಜ್ಞಾನಿಕ ಸಂಶೋಧನಾ ಸಂಸ್ಥೆಗಳಿಗೆ 80ಜಿಜಿಎ ಕಲಂನಡಿ ಪೂರ್ಣ ವಿನಾಯಿತಿ ಇತ್ತು. 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ಎರಡರಲ್ಲೂ ವಿನಾಯಿತಿ ಇರಲಿಲ್ಲ, ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಇವು ಅನ್ವಯಿಸುತ್ತಲೂ ಇರಲಿಲ್ಲ. 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವುದರಿಂದ ಕಲಂಗಳ ಸಂಖ್ಯೆಗಳೂ ನಮೂನೆಗಳೂ ಬದಲಾಗುತ್ತವೆ. ಕೊಡುವ ಮುನ್ನ ನಿಮ್ಮ ಆಡಿಟರನ್ನು ಒಮ್ಮೆ ಕೇಳಿ. ಪಾನ್ ಸಂಖ್ಯೆ ಕೊಟ್ಟು, ಬ್ಯಾಂಕಿನ ಮೂಲಕವೇ ಹಣ ಕಳಿಸಿ, ರಸೀದಿಯ ಜೊತೆಗೆ ಸಂಸ್ಥೆಯು ಇಲಾಖೆಯ ಜಾಲತಾಣದಿಂದ ಪಡೆದುಕೊಡಬೇಕಾದ ದಾನ ಪ್ರಮಾಣಪತ್ರವನ್ನೂ ಕೇಳಿ ಪಡೆಯಿರಿ.

ಹೊರದೇಶದಲ್ಲಿರುವ ಕನ್ನಡಿಗರು ಇಲ್ಲಿ ಎಡವುವುದುಂಟು. ವಿದೇಶದಲ್ಲಿದ್ದರೂ ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡವರು ತಮ್ಮ ಉಳಿತಾಯದಿಂದ ಕೊಟ್ಟ ಹಣ ಕಾನೂನಿನ ದೃಷ್ಟಿಯಲ್ಲಿ ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಸಾಗರೋತ್ತರ ಭಾರತೀಯ ಕಾರ್ಡು ಹೊಂದಿದ್ದರೂ, ಕೊಡುವ ಹಣ ಮಾತ್ರ ವಿದೇಶಿ ದೇಣಿಗೆಯೇ ಆಗುತ್ತದೆ. ಅದನ್ನು ಪಡೆಯುವ ಸಂಸ್ಥೆ ವಿದೇಶಿ ದೇಣಿಗೆ ನಿಯಂತ್ರಣ (ಎಫ್‌ಸಿಆರ್‌ಎ) ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಹೊಂದಿರಬೇಕು, ಹಣವೂ ನವದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಅದಕ್ಕೆಂದೇ ತೆರೆದ ಖಾತೆಗೆ ಬರಬೇಕು. ಊರಿನ ಅಣ್ಣನ ಖಾತೆಗೆ ಹಾಕಿ ಅವನ ಕೈಯಿಂದ ಕೊಡಿಸಿದರಾಯಿತು ಎಂಬ ಉಪಾಯ ಸಂಸ್ಥೆಯನ್ನು ತೊಂದರೆಗೆ ಸಿಲುಕಿಸುತ್ತದೆ.

ಕಂಪನಿಗಳು ತಮ್ಮ ಸಾಮಾಜಿಕ ಹೊಣೆಗಾರಿಕೆಯ ನಿಧಿಯಿಂದ ಕೊಡುವಾಗ, ಅದರಲ್ಲೂ ಗಣಿ ಕಂಪನಿಗಳು ಕೊಡುವಾಗ, ವಿಭಾಗಗಳು ಹಿಂಜರಿಯುವುದನ್ನು ಕಾಣುತ್ತೇವೆ. ಪೆನ್‌ರೋಸ್ ಅವರ ಹಣವೂ ಗಣಿಯದೇ ಆಗಿದ್ದುದರಿಂದ ಮೂಲವನ್ನು ನೋಡಿ ಬೇಡವೆನ್ನಬೇಕಾಗಿಲ್ಲ. ಫಲಿತಾಂಶವನ್ನು ದಾನಿಯ ಒಪ್ಪಿಗೆಯಿಲ್ಲದೆ ಪ್ರಕಟಿಸುವ ಹಕ್ಕು ಸಂಶೋಧಕರಿಗೆ ಇದೆಯೆಂದು ಒಪ್ಪಂದದಲ್ಲಿ ಬರೆಯಲು ಕಂಪನಿ ಸಿದ್ಧವಿದ್ದರೆ ಅದು ದಾನ. ಇಲ್ಲವಾದರೆ ಅದು ಗುತ್ತಿಗೆ ಕೆಲಸ, ಅದಕ್ಕೆ ಬೇರೆಯೇ ದರವಿದೆ.

ದಾನಪತ್ರ ಬರೆಯುವಾಗ

ಪತ್ರ ಒಂದೆರಡು ಪುಟ ಮೀರಬೇಕಾಗಿಲ್ಲ. ಹಣದ ಉದ್ದೇಶವನ್ನು ವಿಶಾಲವಾಗಿ ಬರೆಯಿರಿ. ‘ಕೋಲಾರದ ಚಿನ್ನದ ಅದಿರಿನ ಅಧ್ಯಯನಕ್ಕೆ ಮಾತ್ರ’ ಎಂದು ಕಟ್ಟಿಹಾಕಿದ ದತ್ತಿಯನ್ನು ಆ ವಿಷಯ ಓದುವವರಿಲ್ಲದ ವರ್ಷ ಯಾರಿಗೂ ಕೊಡಲಾಗುವುದಿಲ್ಲ. ‘ಕರ್ನಾಟಕದ ಶಿಲೆಗಳ ಕ್ಷೇತ್ರಾಧ್ಯಯನಕ್ಕೆ, ಕೋಲಾರಕ್ಕೆ ಆದ್ಯತೆ’ ಎಂದು ಬರೆದರೆ ನಿಮ್ಮ ಇಷ್ಟವೂ ನಡೆಯುತ್ತದೆ, ಹಣವೂ ನಿಲ್ಲುವುದಿಲ್ಲ. ಎರಡು ವರ್ಷ ಸತತವಾಗಿ ಅರ್ಹರು ಸಿಗದಿದ್ದರೆ ಹಣವನ್ನು ಯಾವುದಕ್ಕೆ ತಿರುಗಿಸಬಹುದೆಂದೂ, ವಿಭಾಗವೇ ಮುಚ್ಚಿದರೆ ಅಸಲು ಎಲ್ಲಿಗೆ ಹೋಗಬೇಕೆಂದೂ ಸೇರಿಸಿ. ಆಯ್ಕೆ ಸಮಿತಿಯಲ್ಲಿ ದಾನಿಯ ಮನೆಯವರಿಗೆ ಸ್ಥಾನ ಕೇಳಬೇಡಿ. ವರ್ಷಕ್ಕೊಮ್ಮೆ, ಯಾರು ಎಲ್ಲಿಗೆ ಹೋದರು, ಏನು ತಂದರು, ಎಷ್ಟು ಖರ್ಚಾಯಿತು ಎಂಬ ಒಂದು ಪುಟದ ವರದಿಯನ್ನು ಮಾತ್ರ ಕೇಳಿ; ಅದನ್ನು ವಿದ್ಯಾರ್ಥಿಯೇ ಬರೆಯಲಿ.

ಕೊನೆಯದಾಗಿ ಕಾಲದ ವಿಚಾರ. ನಮ್ಮಲ್ಲಿ ತೆರಿಗೆಯ ನೆನಪಾಗಿ ದಾನ ಕೊಡುವುದು ಮಾರ್ಚ್ ತಿಂಗಳಲ್ಲಿ. ಕ್ಷೇತ್ರಕಾರ್ಯ ನಡೆಯುವುದು ಮಳೆ ನಿಂತು ಹುಲ್ಲು ಒಣಗಿ ಬಂಡೆಗಳು ಕಾಣುವ ನವೆಂಬರಿನಿಂದ ಫೆಬ್ರವರಿಯವರೆಗೆ. ಮಾರ್ಚ್ ಕೊನೆಯ ವಾರ ಬಂದ ಹಣ ಆ ವರ್ಷದ ವಿದ್ಯಾರ್ಥಿಗಳಿಗೆ ಸಿಗುವುದಿಲ್ಲ. ಆಗಸ್ಟ್ ಹೊತ್ತಿಗೆ ಕೊಟ್ಟರೆ ಮಂಜೂರಾತಿಯ ಕಡತ ಓಡಾಡಿ ಮುಗಿದು, ದಸರೆಯ ರಜೆ ಕಳೆದ ಮೇಲೆ ಅವರು ಹೊರಡುವುದಕ್ಕೆ ಸರಿಯಾಗಿ ಕೈಗೆ ಬರುತ್ತದೆ.